ಲೈಪ್ಸಿಗ್‌ನಲ್ಲಿ ನನ್ನ ಎರಡು ಆರೋಗ್ಯ ವಿಮೆಗಳು

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲು ಇತ್ತು: ಪಿತ್ತಕೋಶದಲ್ಲಿ ಕಲ್ಲು, 2016ರಿಂದ ಗೊತ್ತಿರುವುದು, ಭಾರತದಲ್ಲಿ ಸ್ಕ್ಯಾನ್ ಆಗಿದೆ. ಆ ಮಾತನ್ನು ವೈದ್ಯರಿಗೆ ಹೇಳಿದವಳು ನಾನೇ. ರಾತ್ರಿ ಎರಡು ಗಂಟೆ, ಬಲ ಪಕ್ಕೆಯ ಕೆಳಗೆ ಯಾರೋ ಹಿಂಡುತ್ತಿರುವಂಥ ನೋವು, ಬೆನ್ನಿನವರೆಗೂ ಹಬ್ಬಿತ್ತು. ‘ಹಿಂದೆ ಯಾವಾಗಲಾದರೂ ಹೀಗಾಗಿತ್ತೇ?’ ಎಂದು ತುರ್ತು ಚಿಕಿತ್ಸಾ ಘಟಕದ ತರುಣ ವೈದ್ಯರು ಕೇಳಿದರು. ಆಗಿತ್ತು ಎಂದೆ. ಮೂರು ವರ್ಷದ ಹಿಂದೆ ಮದುವೆಯೊಂದರಲ್ಲಿ ಊಟ ಮಾಡಿದ ಮೇಲೆ ಹೊಟ್ಟೆನೋವು ಬಂದು, ಸ್ಕ್ಯಾನಿಂಗ್ ಮಾಡಿಸಿದಾಗ ಸಣ್ಣ ಕಲ್ಲು ಕಂಡಿತ್ತು. ತೊಂದರೆ ಕೊಡದಿದ್ದರೆ ಹಾಗೇ ಇರಲಿ ಎಂದು ಧಾರವಾಡದ ಡಾಕ್ಟರು ಹೇಳಿದ್ದರು. ಅದು ಮೂರು ವರ್ಷ ತೊಂದರೆ ಕೊಡಲಿಲ್ಲ. ನಾನು ಮರೆತೇ ಬಿಟ್ಟಿದ್ದೆ.

ಆ ಒಂದು ಸಾಲಿಗಾಗಿ ನಾನು ತೆತ್ತದ್ದು 4,316 ಯೂರೋ. 2019ರ ಕೊನೆಯ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ನಲವತ್ತು ಸಾವಿರ ರೂಪಾಯಿ.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. 2018ರ ಸೆಪ್ಟೆಂಬರ್‌ನಲ್ಲಿ, ಸ್ವತಂತ್ರ ವೃತ್ತಿಯವರಿಗೆ ಕೊಡುವ ವಾಸದ ಅನುಮತಿಯ ಮೇಲೆ, ಜರ್ಮನಿಯ ಲೈಪ್ಸಿಗ್‌ಗೆ ಬಂದೆ. ಅರ್ಧ ಕೆಲಸ ಇಲ್ಲಿಯ ಪ್ರಕಾಶಕರದು, ಅರ್ಧ ಬೆಂಗಳೂರು ಮತ್ತು ದೆಹಲಿಯದು. ಈ ಏಳು ವರ್ಷಗಳಲ್ಲಿ ಎರಡು ಥರದ ಆರೋಗ್ಯ ವಿಮೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ಒಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಇನ್ನೊಂದರಲ್ಲಿ ಹೆರಿಗೆ ಆಯಿತು. ನಮ್ಮ ಕಡೆಯಿಂದ ಇಲ್ಲಿಗೆ ಬರಲು ಹೊರಟವರು, ಅದರಲ್ಲೂ ಲ್ಯಾಪ್‌ಟಾಪ್ ಹಿಡಿದು ಎಲ್ಲಿಂದಲಾದರೂ ಕೆಲಸ ಮಾಡುವವರು, ವಿಮೆಯನ್ನು ವೀಸಾ ಅರ್ಜಿಯ ಒಂದು ಕಾಗದ ಎಂದಷ್ಟೇ ನೋಡುತ್ತಾರೆ. ನಾನೂ ಹಾಗೇ ನೋಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ವಿದೇಶದಿಂದ ಬಂದವರಿಗೆಂದೇ ಖಾಸಗಿ ಕಂಪನಿಗಳು ಮಾರುವ ಪಾಲಿಸಿ. ಕಂಪನಿಯ ಹೆಸರು ಬೇಡ. ಇಂಥ ಪಾಲಿಸಿಗಳ ಷರತ್ತುಗಳು ಬಹುಮಟ್ಟಿಗೆ ಒಂದೇ. ನನಗೆ ಆಗ 31 ವರ್ಷ, ತಿಂಗಳಿಗೆ 62 ಯೂರೋ ಕಂತು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಹೆಸರು, ಹುಟ್ಟಿದ ದಿನ, ಕಾರ್ಡ್ ಸಂಖ್ಯೆ ಕೊಟ್ಟರೆ ವೀಸಾ ಕಚೇರಿಗೆ ಒಪ್ಪಿಸುವ ಪ್ರಮಾಣಪತ್ರ ಆ ಗಳಿಗೆಯೇ ಇಮೇಲ್‌ಗೆ ಬಂತು. ಪುಟದ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹೇಳಿಕೊಂಡಿದ್ದರು: ಆರೋಗ್ಯದ ಬಗ್ಗೆ ಯಾವ ಪ್ರಶ್ನೆಯೂ ಇಲ್ಲ. ಅದನ್ನು ಓದಿ ನನಗೆ ಎಷ್ಟು ನಿರಾಳವಾಗಿತ್ತು!

ಮೊದಲ ವರ್ಷ ದೂರುವಂಥದ್ದು ಏನೂ ಆಗಲಿಲ್ಲ. ಚಳಿಗಾಲದ ಜ್ವರಕ್ಕೆ ಎರಡು ಸಲ ವೈದ್ಯರ ಹತ್ತಿರ ಹೋದೆ, ಬಿಲ್ಲು ನಾನೇ ಕಟ್ಟಿ ಪೋಸ್ಟಿನಲ್ಲಿ ಕಳಿಸಿದೆ, ಮೂರು ವಾರದಲ್ಲಿ ಹಣ ಬಂತು. ಸಣ್ಣ ಖರ್ಚಿಗೆ ಅವರು ಚೌಕಾಸಿ ಮಾಡಲಿಲ್ಲ, ಅದನ್ನು ಹೇಳಲೇಬೇಕು.

ಪಿತ್ತಕೋಶದ ಆ ರಾತ್ರಿ ಬೇರೆ. ದಾಖಲಾದ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಲೆಕ್ಕದ ವಿಭಾಗದಿಂದ ಒಬ್ಬ ಮಹಿಳೆ ಹಾಸಿಗೆಯ ಬಳಿಗೇ ಬಂದರು. ಖರ್ಚು ವಹಿಸುತ್ತೇವೆ ಎಂಬ ಒಪ್ಪಿಗೆ ಪತ್ರ ವಿಮೆಯವರಿಂದ ಬೇಕು ಎಂದರು. ಕೈಯಲ್ಲಿ ಸಲೈನ್ ಸೂಜಿ, ಮತ್ತೊಂದು ಕೈಯಲ್ಲಿ ಮೊಬೈಲ್ ಹಿಡಿದು ಫೋನ್ ಮಾಡಿದೆ. ಕಾಗದಪತ್ರ ನೋಡಿದ ಮೇಲೆ ನಿರ್ಧರಿಸುತ್ತೇವೆ ಎಂಬ ಉತ್ತರ ಬಂತು. ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೆ ಅಪಾಯ, ಕಾಯುವಂತಿಲ್ಲ ಎಂದು ವೈದ್ಯರು ಹೇಳಿದ್ದರು. ಸಹಿ ಹಾಕಿದೆ, ವಿಮೆ ಕೊಡದಿದ್ದರೆ ನಾನೇ ಕೊಡುತ್ತೇನೆ ಎಂಬ ಕಾಗದಕ್ಕೂ ಸೇರಿಸಿ. ನಾಲ್ಕು ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆ, ಮೂರು ರಾತ್ರಿ ವಾಸ. ವೈದ್ಯರೂ ದಾದಿಯರೂ ನೋಡಿಕೊಂಡ ರೀತಿಗೆ ನಾನು ಇಂದಿಗೂ ಋಣಿ.

ಆಮೇಲೆ ವಿಮೆಯವರಿಂದ ಆರು ಪುಟಗಳ ಪ್ರಶ್ನಾವಳಿ ಬಂತು. ಕಳೆದ ಐದು ವರ್ಷಗಳಲ್ಲಿ ಯಾವ ವೈದ್ಯರನ್ನು ಕಂಡಿರಿ, ವಿಳಾಸ ಏನು, ಯಾವ ಪರೀಕ್ಷೆ ಆಯಿತು, ವೈದ್ಯರು ನಿಮ್ಮ ಗುಟ್ಟನ್ನು ನಮಗೆ ಹೇಳಬಹುದು ಎಂದು ಇಲ್ಲಿ ಸಹಿ ಹಾಕಿ. ಸೇರುವಾಗ ಕೇಳದ ಪ್ರಶ್ನೆಗಳೆಲ್ಲ ಈಗ ಬಂದವು. ಷರತ್ತುಗಳ ಪುಸ್ತಿಕೆಯಲ್ಲಿ ಒಂದು ವಾಕ್ಯ ಇತ್ತು: ಪಾಲಿಸಿ ಶುರುವಾಗುವ ಮೊದಲೇ ತಿಳಿದಿದ್ದ ಕಾಯಿಲೆಗೂ ಅದರಿಂದ ಉಂಟಾಗುವ ತೊಡಕುಗಳಿಗೂ ರಕ್ಷಣೆ ಇಲ್ಲ. ಡಿಸ್ಚಾರ್ಜ್ ಪತ್ರದ ಆ ಸಾಲನ್ನು ಈ ವಾಕ್ಯದ ಪಕ್ಕದಲ್ಲಿ ಇಟ್ಟು, ಐದನೆಯ ವಾರ ಕ್ಲೇಮನ್ನು ತಿರಸ್ಕರಿಸಿದರು.

ನನಗೆ ಮೋಸವಾಯಿತು ಎಂದು ನಾನು ಹೇಳುತ್ತಿಲ್ಲ. ವಾಕ್ಯ ಪುಸ್ತಿಕೆಯಲ್ಲಿ ಇತ್ತು, ಸಹಿ ನನ್ನದೇ. ಆದರೆ ‘ಪ್ರಶ್ನೆಯೇ ಇಲ್ಲ’ ಎಂಬ ದಪ್ಪ ಅಕ್ಷರದ ಅರ್ಥ ‘ಪ್ರಶ್ನೆ ಆಮೇಲೆ’ ಎಂದು, ಅದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸೇರುವಾಗಲೇ ಕೇಳುವ ಕಂಪನಿ ನಿಮ್ಮನ್ನು ನಿರಾಕರಿಸಬಹುದು, ಹೆಚ್ಚು ಕಂತು ಕೇಳಬಹುದು. ಆದರೆ ಎಲ್ಲಿ ನಿಂತಿದ್ದೀರಿ ಎಂಬುದು ಅವತ್ತೇ ಗೊತ್ತಾಗುತ್ತದೆ. ಕ್ಲೇಮಿನ ದಿನ ಕೇಳುವ ಕಂಪನಿಯ ಮುಂದೆ ನೀವು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತೀರಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತದೊತ್ತಡ, ಹಳೆಯ ಬೆನ್ನುನೋವು ಇರುವ ಯಾರಿಗೂ ಈ ಥರದ ಪಾಲಿಸಿಯನ್ನು ನಾನು ಹೇಳಲಾರೆ.

ಆಸ್ಪತ್ರೆ ಕಂತುಗಳಲ್ಲಿ ಕಟ್ಟಲು ಒಪ್ಪಿತು. ಸಲಹೆ ಕೇಳಲು ಗ್ರಾಹಕ ಕೇಂದ್ರಕ್ಕೆ ಹೋದೆ. ಪ್ರತಿ ರಾಜ್ಯದಲ್ಲೂ ಇರುವ ಇದನ್ನು ಇಲ್ಲಿ ಫೆರ್‌ಬ್ರಾಉಕರ್‌ಸೆಂಟ್ರಾಲೆ ಎನ್ನುತ್ತಾರೆ, ಸ್ವಲ್ಪ ಶುಲ್ಕಕ್ಕೆ ಪಾಲಿಸಿಯನ್ನು ಓದಿ ಹೇಳುತ್ತಾರೆ. ನರೆಗೂದಲಿನ ಒಬ್ಬ ಹೆಂಗಸು ನನ್ನ ಪುಸ್ತಿಕೆಯನ್ನು ಪೆನ್ಸಿಲ್ ಹಿಡಿದು ಇಪ್ಪತ್ತು ನಿಮಿಷ ಓದಿದರು. ತಿರಸ್ಕಾರದ ವಿರುದ್ಧ ಹೋರಾಡಿ ಗೆಲ್ಲುವುದು ಕಷ್ಟ ಎಂದರು. ಈ ಪಾಲಿಸಿ ಹೆಚ್ಚೆಂದರೆ ಐದು ವರ್ಷ, ಆಮೇಲೆ ಮುಗಿಯುತ್ತದೆ ಎಂಬ ಸಾಲಿಗೂ ಗೆರೆ ಎಳೆದು ತೋರಿಸಿದರು. ಐದು ವರ್ಷದ ನಂತರ ನನಗೆ 36 ಆಗಿರುತ್ತದೆ, ಕೈಯಲ್ಲಿ ಆಸ್ಪತ್ರೆಯ ದಾಖಲೆ ಇರುತ್ತದೆ, ಹೊಸ ಖಾಸಗಿ ವಿಮೆ ಆ ದಾಖಲೆಯನ್ನು ನೋಡಿಯೇ ಬೆಲೆ ಹೇಳುತ್ತದೆ. ಅವರು ಪುಸ್ತಿಕೆ ಮಡಚಿಟ್ಟು ಕೇಳಿದರು: ‘ಚಿತ್ರ ಬರೆಯುತ್ತೇನೆ ಎಂದಿರಲ್ಲ, ಕಾ-ಎಸ್-ಕಾಗೆ ಅರ್ಜಿ ಹಾಕಿಲ್ಲವೇ?’

ನಾನು ಆ ಹೆಸರನ್ನೇ ಕೇಳಿರಲಿಲ್ಲ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಕಾಯ್ದೆ 1883ರಷ್ಟು ಹಳೆಯದು, ಬಿಸ್ಮಾರ್ಕ್ ಕಾಲದ್ದು. 2009ರಿಂದ ಇಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಕಡ್ಡಾಯ. ಸಂಬಳ ಬೆಂಗಳೂರಿನಿಂದ ಬಂದರೂ ವಾಸ ಇಲ್ಲಿ ಎಂದಾದ ಮೇಲೆ ಈ ಕಡ್ಡಾಯ ತಪ್ಪುವುದಿಲ್ಲ. ಬೆಂಗಳೂರಿನ ಕಂಪನಿ ಕೊಡುವ ಗುಂಪು ವಿಮೆ ಇದಕ್ಕೆ ಲೆಕ್ಕವಿಲ್ಲ. ನೌಕರಿಗೆ ಸೇರಿದವರು ಎಒಕೆ, ಟೆಕ್ನಿಕರ್, ಬಾರ್ಮರ್ ಮುಂತಾದ ಸಾರ್ವಜನಿಕ ವಿಮಾ ನಿಧಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಕಂತಿನ ಅರ್ಧ ಮಾಲೀಕರು ಕೊಡುತ್ತಾರೆ. ಕಷ್ಟ ಇರುವುದು ನನ್ನಂಥವರಿಗೆ. ಯುರೋಪಿನ ಹೊರಗಿನಿಂದ ನೇರವಾಗಿ ಸ್ವತಂತ್ರ ವೃತ್ತಿಗೆ ಬಂದವರು ಈ ಮೊದಲು ಸಾರ್ವಜನಿಕ ವಿಮೆಯಲ್ಲಿ ಇದ್ದವರಲ್ಲವಾದ್ದರಿಂದ ಸಾಮಾನ್ಯವಾಗಿ ಒಳಗೆ ಹೋಗುವಂತಿಲ್ಲ. ಹಾಗಾಗಿ 62 ಯೂರೋದ ಪಾಲಿಸಿಗಳು ನಮ್ಮ ಕಣ್ಣಿಗೆ ಬೀಳುತ್ತವೆ.

ಕಾ-ಎಸ್-ಕಾ ಎಂದರೆ ಕ್ಯೂನ್‌ಸ್ಟ್ಲರ್‌ಜೋಟ್ಸಿಯಾಲ್‌ಕಾಸ್ಸೆ, ಕಲಾವಿದರ ಸಾಮಾಜಿಕ ನಿಧಿ. 1983ರಿಂದ ಇದೆ, ಕಚೇರಿ ಉತ್ತರದ ಕಡಲತೀರದ ವಿಲ್‌ಹೆಲ್ಮ್‌ಸ್‌ಹಾಫನ್ ಊರಿನಲ್ಲಿ. ಚಿತ್ರಕಾರರು, ಸಂಗೀತಗಾರರು, ನಟರು, ಪತ್ರಕರ್ತರು, ಲೇಖಕರು, ಹೀಗೆ ಮಾಲೀಕರಿಲ್ಲದೆ ದುಡಿಯುವವರಿಗೆ ಮಾಲೀಕರ ಪಾಲನ್ನು ಇದು ತುಂಬುತ್ತದೆ. ಅರ್ಧ ಕಂತು ನಮ್ಮದು. ಉಳಿದ ಅರ್ಧದಲ್ಲಿ, ಒಟ್ಟು ಕಂತಿನ ಶೇ 20 ಪಾಲು ಕೇಂದ್ರ ಸರ್ಕಾರದ್ದು, ಶೇ 30 ಪಾಲು ನಮ್ಮ ಕೆಲಸವನ್ನು ಬಳಸುವ ಪ್ರಕಾಶಕರು, ನಾಟಕಶಾಲೆಗಳು, ಜಾಹೀರಾತು ಸಂಸ್ಥೆಗಳಿಂದ ವಸೂಲಾಗುವ ಹಣದ್ದು. ಚಿತ್ರ ಬರೆಯುವವಳ ಹೊಟ್ಟೆಯ ಚಿಂತೆಯನ್ನು ಪುಸ್ತಕ ಮಾರುವವನೂ ಹೊರಬೇಕು ಎಂದು ಕಾಯ್ದೆ ಮಾಡಿದ ದೇಶದ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ಊರಿನಲ್ಲಿ ನಾನು ಕಂಡ ಯಕ್ಷಗಾನದ ಮೇಳದವರು, ನಾಟಕ ಕಂಪನಿಯವರು ಎಲ್ಲರ ಮುಖಗಳೂ ಅಂದು ಕಣ್ಣ ಮುಂದೆ ಬಂದವು.

2020ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿದೆ. ವರ್ಷಕ್ಕೆ 3,900 ಯೂರೋಗಿಂತ ಹೆಚ್ಚು ಆದಾಯ ಈ ಕಸುಬಿನಿಂದಲೇ ಬರಬೇಕು. ವೃತ್ತಿ ಶುರುಮಾಡಿದ ಮೊದಲ ಮೂರು ವರ್ಷ ಅದೂ ಕಡ್ಡಾಯವಲ್ಲ. ಒಪ್ಪಂದ, ಬಿಲ್ಲು, ಬ್ಯಾಂಕಿಗೆ ಹಣ ಬಂದ ದಾಖಲೆ, ಅಚ್ಚಾದ ಕೆಲಸ ಎಲ್ಲವನ್ನೂ ಕೇಳುತ್ತಾರೆ. ಆನೆಯೊಂದು ರೈಲಿಗೆ ಟಿಕೆಟ್ ಕೊಳ್ಳುವ ನನ್ನ ಚಿತ್ರಪುಸ್ತಕವನ್ನೂ ಲಕೋಟೆಯಲ್ಲಿ ಹಾಕಿದೆ. ನಿರ್ಧಾರಕ್ಕೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೊರೊನಾ ಬಂದು ಮಾರ್ಚಿನ ಲೈಪ್ಸಿಗ್ ಪುಸ್ತಕ ಮೇಳವೇ ರದ್ದಾಯಿತು, ಎರಡು ಒಪ್ಪಂದಗಳು ಕೈಬಿಟ್ಟವು.

ಜುಲೈನಲ್ಲಿ ಒಪ್ಪಿಗೆ ಪತ್ರ ಬಂತು. ವಿಮೆ ಅರ್ಜಿ ತಲುಪಿದ ದಿನದಿಂದಲೇ ಜಾರಿ. ಅಂದರೆ ಐದು ತಿಂಗಳ ಕಂತು ಒಟ್ಟಿಗೆ ಕಟ್ಟಬೇಕು. ಆ ತಿಂಗಳುಗಳಲ್ಲಿ ಹಳೆಯ ಪಾಲಿಸಿಗೂ ಕಟ್ಟಿದ್ದೆ. ಇದು ಮುಂಚೆ ಗೊತ್ತಿದ್ದರೆ ಸ್ವಲ್ಪ ಹಣ ತೆಗೆದಿಡುತ್ತಿದ್ದೆ. ನೀವು ಅರ್ಜಿ ಹಾಕುವುದಾದರೆ ತೆಗೆದಿಡಿ. ಆದರೆ ಕಂತು ನಿರ್ಧಾರವಾಗುವುದು ನಾವೇ ಅಂದಾಜು ಮಾಡಿ ತಿಳಿಸುವ ವರ್ಷದ ಆದಾಯದ ಮೇಲೆ, ಆ ಅಂದಾಜನ್ನು ನಡುವೆ ಬದಲಿಸಲೂ ಬಹುದು. ಮೇಳ ರದ್ದಾಗಿ ಕೆಲಸ ಕಡಿಮೆಯಾಗಿದೆ ಎಂದು ಒಂದು ಪುಟ ಬರೆದು ಕಳಿಸಿದೆ. ಮುಂದಿನ ತಿಂಗಳಿಂದ ಕಂತು ಇಳಿಯಿತು. ಕೊರೊನಾ ವರ್ಷಗಳಲ್ಲಿ ಕನಿಷ್ಠ ಆದಾಯದ ನಿಯಮವನ್ನೂ ಕೈಬಿಟ್ಟಿದ್ದರು.

ಕಾ-ಎಸ್-ಕಾ ಒಪ್ಪಿದ್ದರಿಂದ ಸಾರ್ವಜನಿಕ ವಿಮಾ ನಿಧಿಯ ಬಾಗಿಲು ನನಗೂ ತೆರೆಯಿತು. ಆ ನಿಧಿಗೆ ಸೇರುವ ಅರ್ಜಿಯಲ್ಲಿ ನನ್ನ ಪಿತ್ತಕೋಶದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಫೋನ್ ಮಾಡಿ ಕೇಳಿದೆ: ‘ಆಮೇಲೆ ಕೇಳುತ್ತೀರಾ?’ ಆ ಕಡೆಯ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಳೆಯ ಕಾಯಿಲೆ, ಹೊಸ ಕಾಯಿಲೆ ಎಂಬ ಭೇದವೇ ಅವರಲ್ಲಿಲ್ಲ. ಎರಡು ವಾರದಲ್ಲಿ ಫೋಟೋ ಇರುವ ಕಾರ್ಡ್ ಬಂತು. ಮೂರು ತಿಂಗಳಿಗೊಮ್ಮೆ ವೈದ್ಯರ ಕ್ಲಿನಿಕ್ಕಿನ ಯಂತ್ರದಲ್ಲಿ ಆ ಕಾರ್ಡ್ ತೂರಿಸಿದರೆ ಆಯಿತು, ಬಿಲ್ಲು ಎಂಬುದು ನನ್ನ ಕಣ್ಣಿಗೇ ಬೀಳುವುದಿಲ್ಲ. ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ, ಆಸ್ಪತ್ರೆಯಲ್ಲಿದ್ದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನಗಳವರೆಗೆ ಮಾತ್ರ. 2021ರಲ್ಲಿ ನನ್ನ ಪತಿ ಬಂದರು. ಕೆಲಸ ಸಿಗುವವರೆಗೆ ಎಂಟು ತಿಂಗಳು ಅವರು ನನ್ನ ಕಾರ್ಡಿನ ನೆರಳಿನಲ್ಲೇ ಇದ್ದರು, ಒಂದು ಯೂರೋ ಹೆಚ್ಚು ಕೊಡಬೇಕಾಗಲಿಲ್ಲ. ಈಗ ಮಗಳೂ ಹಾಗೇ.

ಮಗಳು ಹುಟ್ಟಿದ್ದು 2022ರ ನವೆಂಬರ್‌ನಲ್ಲಿ. ಈ ವಿಮೆಯ ನಿಜವಾದ ಬೆಲೆ ನನಗೆ ತಿಳಿದದ್ದು ಆ ದಿನಗಳಲ್ಲಿ. ಬಸಿರಿನ ಲೆಕ್ಕವೆಲ್ಲ ಬರೆದಿಡುವ ಒಂದು ತಿಳಿನೀಲಿ ಪುಸ್ತಕ ಕೊಡುತ್ತಾರೆ, ನಮ್ಮ ತಾಯಿ ಕಾರ್ಡಿನ ಹಾಗೆ. ಹೆರಿಗೆಗೆ ಆಸ್ಪತ್ರೆಯ ದಿನದ 10 ಯೂರೋ ಕೂಡ ಇಲ್ಲ. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ, ಕಾ-ಎಸ್-ಕಾದಲ್ಲಿದ್ದ ನನಗೆ ಆದಾಯದ ಶೇ 70ರಷ್ಟು ಭತ್ಯೆ ಬಂತು. ಹಳೆಯ ಪಾಲಿಸಿಯಲ್ಲಿ ಹೆರಿಗೆಗೆ ಎಂಟು ತಿಂಗಳು ಕಾಯಬೇಕೆಂಬ ಷರತ್ತಿತ್ತು. ಭತ್ಯೆಯ ಮಾತೇ ಇರಲಿಲ್ಲ.

ಮತ್ತೆ ಸೂಲಗಿತ್ತಿ. ಹೆರಿಗೆಯಾದ ಮೊದಲ ಹತ್ತು ದಿನ ದಿನವೂ ಮನೆಗೆ ಬಂದು ನೋಡುವ ಸೂಲಗಿತ್ತಿಯ ಖರ್ಚನ್ನು ವಿಮೆಯೇ ಭರಿಸುತ್ತದೆ, ಆಮೇಲೂ ಹನ್ನೆರಡು ವಾರದವರೆಗೆ ಬೇಕಾದಾಗ ಬರುತ್ತಾರೆ. ಸಿಗುವುದು ಸುಲಭವಲ್ಲ. ನಾನು ಬಸಿರಿನ ಹತ್ತನೆಯ ವಾರದಲ್ಲೇ ಹುಡುಕಲು ಶುರುಮಾಡಿ, ಹದಿನಾಲ್ಕು ಜನಕ್ಕೆ ಫೋನ್ ಮಾಡಿದ ಮೇಲೆ ಒಬ್ಬರು ಒಪ್ಪಿದರು. ಜರ್ಮನ್‌ನಲ್ಲಿ ಅವರನ್ನು ಹೇಬಾಮ್ಮೆ ಎನ್ನುತ್ತಾರೆ. ಬಾಣಂತನಕ್ಕೆ ಬಂದಿದ್ದ ನನ್ನ ಅಮ್ಮನ ಕಿವಿಗೆ ಅದು ‘ಹೆಬ್ಬಮ್ಮ’ ಎಂದು ಕೇಳಿತು. ಹೆಬ್ಬಾಗಿಲು, ಹೆಬ್ಬೆರಳು ಇದ್ದ ಹಾಗೆ ಹೆಬ್ಬಮ್ಮ. ದಿನಾ ಹತ್ತೂವರೆಗೆ ಸೈಕಲ್ಲಿನ ಗಂಟೆ ಕೇಳಿಸಿದರೆ ‘ಹೆಬ್ಬಮ್ಮ ಬಂದರು ನೋಡವ್ವಾ’ ಎಂದು ಅಮ್ಮ ಬಾಗಿಲು ತೆರೆಯುತ್ತಿದ್ದಳು.

ಅವರ ಚೀಲದಲ್ಲಿ ಕೊಕ್ಕೆ ಇರುವ ಒಂದು ಸ್ಪ್ರಿಂಗ್ ತಕ್ಕಡಿ, ಹಳದಿ ಬಣ್ಣದ ಒಂದು ಬಟ್ಟೆ. ಮಗುವನ್ನು ಬಟ್ಟೆಯಲ್ಲಿ ಮಲಗಿಸಿ, ನಾಲ್ಕು ತುದಿಯನ್ನೂ ಒಟ್ಟಿಗೆ ಎತ್ತಿ ಕೊಕ್ಕೆಗೆ ಸಿಕ್ಕಿಸಿ, ಒಂದು ಕೈ ಕೆಳಗೆ ಆಸರೆ ಹಿಡಿದು, ಉಸಿರು ಬಿಗಿ ಹಿಡಿದು ಮೇಲೆತ್ತುತ್ತಿದ್ದರು. ಮುಳ್ಳು ಅಲ್ಲಾಡಿ ನಿಲ್ಲುವವರೆಗೆ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮೊದಲ ದಿನ ಅದನ್ನು ಕಂಡ ಅಮ್ಮ ಗಾಬರಿಯಾಗಿ, ‘ಸಂತೆಯಲ್ಲಿ ಹುಣಸೆಹಣ್ಣು ತೂಗಿದ ಹಾಗೆ ತೂಗುತ್ತಾರಲ್ಲವ್ವಾ’ ಎಂದಳು. ನಾಲ್ಕನೆಯ ದಿನ ತೂಕ 3,020 ಗ್ರಾಮಿಗೆ ಇಳಿದಿತ್ತು, ನನಗೆ ಅಳು ಬಂತು. ಇದು ಸಹಜ, ಎಲ್ಲ ಮಕ್ಕಳೂ ಮೊದಲು ಇಳಿಯುತ್ತವೆ ಎಂದು ನನ್ನ ಪಕ್ಕದಲ್ಲಿ ಮುಕ್ಕಾಲು ಗಂಟೆ ಕೂತು ಹಾಲು ಕುಡಿಸುವ ಭಂಗಿ ಸರಿಮಾಡಿದರು. ಎಂಟನೆಯ ದಿನ 3,190. ಆ ಅಂಕಿಯನ್ನು ಅವರು ಪುಸ್ತಕದಲ್ಲಿ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಅಮ್ಮ ಅವರ ಕೈಗೆ ಅಂಟಿನ ಉಂಡೆ ಇಟ್ಟಳು. ತಿಂದು, ಇನ್ನೊಂದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು.

ಇನ್ನು ಕೊರತೆಗಳು. ಚರ್ಮದ ವೈದ್ಯರನ್ನು ಕಾಣಲು ನಾನು ಮೂರೂವರೆ ತಿಂಗಳು ಕಾದಿದ್ದೇನೆ. ಖಾಸಗಿ ವಿಮೆ ಇರುವ ನೆರೆಮನೆಯವರಿಗೆ ಅದೇ ಕ್ಲಿನಿಕ್ಕಿನಲ್ಲಿ ಹತ್ತು ದಿನದಲ್ಲಿ ಸಮಯ ಸಿಕ್ಕಿತು. ಇದು ಅನ್ಯಾಯ, ಇಲ್ಲಿಯವರೂ ಹಾಗೇ ಹೇಳುತ್ತಾರೆ. ದೊಡ್ಡವರ ಕನ್ನಡಕದ ಖರ್ಚು ಸಾಮಾನ್ಯವಾಗಿ ನಮ್ಮದೇ. ಹಲ್ಲಿಗೆ ಟೋಪಿ, ಅಂದರೆ ಕ್ರೌನ್, ಹಾಕಿಸಿದರೆ ಸಾಧಾರಣ ದರ್ಜೆಯ ಖರ್ಚಿನ ಶೇ 60 ಮಾತ್ರ ಕೊಡುತ್ತಾರೆ, ವರ್ಷ ವರ್ಷ ತಪಾಸಣೆ ಮಾಡಿಸಿದ ಪುಸ್ತಕ ತೋರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ನನಗೆ ಬರುವ ಕಾಗದಗಳೆಲ್ಲ ಜರ್ಮನ್‌ನಲ್ಲೇ. ಕಂತು ಅಗ್ಗವೂ ಅಲ್ಲ: 2025ರಲ್ಲಿ ಮೂಲ ದರ ಶೇ 14.6, ಹೆಚ್ಚುವರಿ ದರ ಸರಾಸರಿ ಶೇ 2.5, ಜೊತೆಗೆ ವೃದ್ಧಾಪ್ಯದ ಆರೈಕೆಯ ವಿಮೆ ಶೇ 3.6. ತಿಂಗಳಿಗೆ 1,800 ಯೂರೋ ಆದಾಯದ ಮೇಲೆ ನನ್ನ ಅರ್ಧ ಪಾಲು ಸುಮಾರು 185 ಯೂರೋ, ಪಿಂಚಣಿಯ ಕಂತು ಬೇರೆ. ಹಳೆಯ 62 ಯೂರೋದ ಮೂರು ಪಟ್ಟು. ನಾನು ಇದನ್ನು ಮನಸ್ಸಿಟ್ಟು ಕಟ್ಟುತ್ತೇನೆ.

ಸಾಫ್ಟ್‌ವೇರ್ ಬರೆಯುವವರಿಗೆ ಕಾ-ಎಸ್-ಕಾ ಬಾಗಿಲು ತೆರೆಯುವುದಿಲ್ಲ, ಅದು ಕಲೆ ಮತ್ತು ಬರವಣಿಗೆಯವರದು. ನೀವು ಆ ಕಸುಬಿನವರಾಗಿದ್ದರೆ ಮೊದಲು ಇಲ್ಲಿಯ ಕಂಪನಿಯ ನೌಕರರಾಗಿ ಬನ್ನಿ ಎಂದೇ ಹೇಳುತ್ತೇನೆ. ಒಮ್ಮೆ ಸಾರ್ವಜನಿಕ ನಿಧಿಯ ಒಳಗೆ ನೆಲೆ ನಿಂತ ಮೇಲೆ ಸ್ವತಂತ್ರ ವೃತ್ತಿಗೆ ತಿರುಗಿದರೂ ಪೂರ್ತಿ ಕಂತು ಕಟ್ಟಿ ಅಲ್ಲೇ ಉಳಿಯಬಹುದು. ಅದು ಆಗದೆ ಪೂರ್ಣ ಪ್ರಮಾಣದ ಖಾಸಗಿ ವಿಮೆಗೇ ಹೋಗುವುದಾದರೆ, ಧಾರವಾಡದ ಹಳೆಯ ಸ್ಕ್ಯಾನಿನಂಥ ಚಿಕ್ಕ ಸಂಗತಿಯನ್ನೂ ಅರ್ಜಿಯಲ್ಲಿ ಬರೆದು, ಒಪ್ಪಿದ್ದೇವೆ ಎಂಬ ಉತ್ತರವನ್ನು ಕಾಗದದಲ್ಲಿ ಪಡೆಯಿರಿ. ವಯಸ್ಸು 55 ದಾಟಿದ ಮೇಲೆ ಖಾಸಗಿಯಿಂದ ಸಾರ್ವಜನಿಕಕ್ಕೆ ಮರಳುವ ದಾರಿ ಬಹುತೇಕ ಮುಚ್ಚುತ್ತದೆ ಎಂಬುದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಊರಿನಲ್ಲಿರುವ ಹಳೆಯ ಪಾಲಿಸಿಯನ್ನೂ ಬಿಡಬೇಡಿ. ನಾನು ಬರುವಾಗ ನಿಲ್ಲಿಸಿಬಿಟ್ಟಿದ್ದೆ, ಎರಡು ವರ್ಷದ ಹಿಂದೆ ಹೊಸದಾಗಿ ಮಾಡಿಸಬೇಕಾಯಿತು. ಭಾರತದಲ್ಲಿ ಹಳೆಯ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ. ಆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ, ಅಷ್ಟರ ಮಟ್ಟಿಗೆ ಭಾರ ಇಳಿದಿದೆ.

ಇಲ್ಲಿಯ ಕಾರ್ಡ್ ಯುರೋಪಿನ ಒಕ್ಕೂಟದಲ್ಲೆಲ್ಲ ನಡೆಯುತ್ತದೆ, ಭಾರತದಲ್ಲಿ ನಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಮೂವರೂ ಧಾರವಾಡಕ್ಕೆ ಹೊರಟಿದ್ದೇವೆ. ಅದಕ್ಕಾಗಿ ವರ್ಷಕ್ಕೊಮ್ಮೆ ಕಟ್ಟುವ ವಿದೇಶ ಪ್ರವಾಸದ ವಿಮೆ ಮಾಡಿಸಿದ್ದೇನೆ. ಒಂದು ಪ್ರವಾಸ 56 ದಿನ ಮೀರಬಾರದು ಎಂಬ ಷರತ್ತು ಅದರ ಹನ್ನೊಂದನೆಯ ಪುಟದಲ್ಲಿದೆ. ನಮ್ಮದು 49 ದಿನ. ಆ ಪುಟವನ್ನು ಓದಿದ ಮೇಲೆಯೇ ಟಿಕೆಟ್ ಕೊಂಡೆ.